ಸೀಮಾನಿರ್ಣಯವೂ ಗ್ರಾಮನಕ್ಷೆಯೂ

೧

ಧರ್ಮಶಾಸ್ತ್ರಕಾರರು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ಸೀಮಾವಿವಾದವೂ ಒಂದು. ಸಾಲದ ವ್ಯಾಜ್ಯವು ಕೊಟ್ಟವನಿಗೂ ಕೊಂಡವನಿಗೂ ಮಾತ್ರ ಸಂಬಂಧಿಸಿದುದು. ಎಲ್ಲೆಯ ವ್ಯಾಜ್ಯವಾದರೋ ನೆರೆಹೊರೆಯವರಿಗೂ, ದಾರಿಯಲ್ಲಿ ನಡೆಯುವವರಿಗೂ, ಹಳ್ಳದ ನೀರನ್ನು ಹಾಯಿಸಿಕೊಳ್ಳುವವರಿಗೂ ಸಂಬಂಧಿಸಿದುದು. ಆದುದರಿಂದ ಎಲ್ಲೆ ಎಲ್ಲಿದೆ ಎಂಬ ಪ್ರಶ್ನೆಯೊಡನೆಯೇ, ಎಲ್ಲೆಯ ಅರಿವು ಯಾರ ವಶದಲ್ಲಿರಬೇಕು ಎಂಬ ಪ್ರಶ್ನೆಯೂ ಹುಟ್ಟುತ್ತದೆ. ಇಂದು ಕರ್ಣಾಟಕದ ರೈತನೊಬ್ಬನು ತನ್ನ ಹೊಲದಲ್ಲಿ ನಿಂತು, ಆ ನೆಲದ ಸರ್ವೆ ನಂಬರನ್ನು ಮೊಬೈಲ್ ಫೋನಿನ ತೆರೆಯ ಮೇಲೆ ನೋಡಬಲ್ಲನು. ತನ್ನ ಗ್ರಾಮದ ನಕ್ಷೆಯನ್ನು ಅಂತರಜಾಲದಿಂದ ಪಡೆದು ಅಚ್ಚು ಹಾಕಿಸಿಕೊಳ್ಳಬಲ್ಲನು. ಇದೊಂದು ಹೊಸ ಯಂತ್ರದ ಫಲವೆಂದು ಮಾತ್ರ ತಿಳಿಯುವುದು ಯುಕ್ತವಲ್ಲ. ಎಲ್ಲೆಯ ಅರಿವು ಊರಿನ ಬಾಯಿಂದ ಕಚೇರಿಯ ಕಪಾಟಿಗೆ ಹೋಗಿ, ಅಲ್ಲಿಂದ ಮರಳಿ ಊರಿಗೆ ಬರುತ್ತಿರುವ ದೀರ್ಘವಾದ ಇತಿಹಾಸದಲ್ಲಿ ಇದೊಂದು ಘಟ್ಟ. ಆ ಇತಿಹಾಸದ ಮುಖ್ಯಾಂಶಗಳು ಇಲ್ಲಿ ನಿರೂಪಿತವಾಗಿವೆ.

ಯಾಜ್ಞವಲ್ಕ್ಯಸ್ಮೃತಿಯು ಮಾನುಷ ಪ್ರಮಾಣಗಳು ಮೂರೆಂದು ಹೇಳುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಬರೆದಿಟ್ಟ ಪತ್ರ, ಅನುಭವಿಸಿಕೊಂಡು ಬಂದಿರುವುದು, ಕಂಡವರ ಮಾತು ಎಂದು ಇವುಗಳ ಅರ್ಥ. ನಕ್ಷೆಯು ಲಿಖಿತದ ಒಂದು ಪ್ರಭೇದ. ಕನ್ನಡನಾಡಿನ ಸೀಮಾನಿರ್ಣಯದ ಚರಿತ್ರೆಯನ್ನು ಈ ಮೂರು ಪ್ರಮಾಣಗಳ ಬಲಾಬಲಗಳ ಚರಿತ್ರೆಯೆಂದು ಹೇಳಿದರೆ ತಪ್ಪಾಗಲಾರದು.

೨

ಆ ಸ್ಮೃತಿಗೆ ಮಿತಾಕ್ಷರೆಯೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ, ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. ೧೦೭೬–೧೧೨೬) ಆಳಿಕೆಯಲ್ಲಿದ್ದವನು. ಕನ್ನಡನಾಡಿನ ರಾಜಧಾನಿಯಲ್ಲಿ ಹುಟ್ಟಿದ ಈ ಗ್ರಂಥವು ಸೀಮೆಯನ್ನು ನಾಲ್ಕು ವಿಧವಾಗಿ ವಿಂಗಡಿಸುತ್ತದೆ: ಜನಪದಸೀಮೆ, ಗ್ರಾಮಸೀಮೆ, ಕ್ಷೇತ್ರಸೀಮೆ, ಗೃಹಸೀಮೆ. ನಾಡಿನ ಗಡಿಯಿಂದ ಮನೆಯ ಗೋಡೆಯವರೆಗೆ ಬರುವ ಈ ಕ್ರಮವು ಮುಂದಿನ ವಿಚಾರಕ್ಕೆ ಉಪಯುಕ್ತವಾಗಿರುವುದರಿಂದ ಅದನ್ನು ನೆನಪಿನಲ್ಲಿಡತಕ್ಕದ್ದು.

ಚಿಹ್ನೆಗಳನ್ನನುಸರಿಸಿ ಸೀಮೆಯು ಮತ್ತೆ ಐದು ಬಗೆಯಾಗಿದೆ. ಧ್ವಜದಂತೆ ಎತ್ತರವಾಗಿ ನಿಂತ ಮರಗಳಿಂದ ಗುರುತಾದುದು ಧ್ವಜಿನೀ. ನೀರಿನಿಂದ ಗುರುತಾದುದು ಮತ್ಸ್ಯಿನೀ. ಹೊಟ್ಟು, ಇದ್ದಲು ಮೊದಲಾದ ವಸ್ತುಗಳನ್ನು ನೆಲದಲ್ಲಿ ಹೂಳಿ ಗುರುತಿಸಿದುದು ನೈಧಾನೀ. ಇಕ್ಕಡೆಯವರ ಒಪ್ಪಿಗೆಯಿಂದ ನಿಂತುದು ಭಯವರ್ಜಿತಾ. ಚಿಹ್ನೆಯೂ ಇಲ್ಲದೆ ಅರಿತವರೂ ಇಲ್ಲದೆ ಹೋದಾಗ ಅರಸನು ತನ್ನ ಇಚ್ಛೆಯಿಂದ ಕಲ್ಪಿಸಿದುದು ರಾಜಶಾಸನನೀತಾ. ಇಲ್ಲಿ ಅರಸನ ಆಜ್ಞೆಗೆ ಕೊನೆಯ ಸ್ಥಾನವಿರುವುದು ಗಮನಾರ್ಹವಾಗಿದೆ. ಮರವೂ ನೀರೂ ಜನರೂ ಮಾತನಾಡಲಾರದ ಕಡೆಯಲ್ಲಿ ಮಾತ್ರ ಅರಸನು ಮಾತನಾಡತಕ್ಕದ್ದು.

ಸಾಕ್ಷಿಗಳು ಯಾರು? ಸುತ್ತಣ ನೆಲದವರಾದ ಸಾಮಂತರು, ಊರಿನ ಹಿರಿಯರು, ದನಕಾಯುವವರು, ಎಲ್ಲೆಯ ಬಳಿ ಉಳುವವರು, ಕಾಡಿನಲ್ಲಿ ತಿರುಗುವವರು. ಮನುಸ್ಮೃತಿಯು ಬೇಡರನ್ನೂ, ಹಕ್ಕಿ ಹಿಡಿಯುವವರನ್ನೂ, ಮೀನುಗಾರರನ್ನೂ, ಬೇರು ಅಗೆಯುವವರನ್ನೂ, ಹಾವಾಡಿಗರನ್ನೂ ಈ ಪಂಕ್ತಿಯಲ್ಲಿ ಸೇರಿಸುತ್ತದೆ. ಇತರ ವ್ಯವಹಾರಗಳಲ್ಲಿ ಕುಲಶೀಲಗಳನ್ನು ಶೋಧಿಸಿ ಸಾಕ್ಷಿಗಳನ್ನು ಆರಿಸುವ ಶಾಸ್ತ್ರವು, ಇಲ್ಲಿ ನೆಲವನ್ನು ಕಾಲಿನಿಂದ ತುಳಿದು ಬಲ್ಲವನೇ ಯೋಗ್ಯನೆಂದು ಒಪ್ಪಿಕೊಂಡಿದೆ. ಸಾಮಂತರು ನಾಲ್ವರಾಗಲಿ ಎಂಟು ಮಂದಿಯಾಗಲಿ ಹತ್ತು ಮಂದಿಯಾಗಲಿ ಕೆಂಪು ಬಟ್ಟೆಯನ್ನುಟ್ಟು, ಕೆಂಪು ಮಾಲೆಯನ್ನು ಧರಿಸಿ, ತಲೆಯ ಮೇಲೆ ಮಣ್ಣನ್ನು ಹೊತ್ತು ಎಲ್ಲೆಯುದ್ದಕ್ಕೂ ನಡೆಯಬೇಕು. ಸುಳ್ಳಾಡಿದವರಿಗೆ ಮಧ್ಯಮಸಾಹಸವೆಂಬ ದಂಡವಿದೆ. ಈ ಕಾರ್ಯವನ್ನು ಜ್ಯೇಷ್ಠಮಾಸದಲ್ಲಿ, ಎಂದರೆ ಹುಲ್ಲು ಒಣಗಿ ಗುರುತುಗಳು ಚೆನ್ನಾಗಿ ಕಾಣುವಾಗ, ನಡೆಸತಕ್ಕದ್ದೆಂದು ಮನು ವಿಧಿಸಿದ್ದಾನೆ. ಹೀಗೆ ಆ ಕಾಲದ ಸೀಮಾನಿರ್ಣಯವು ಎಲ್ಲರ ಕಣ್ಣೆದುರಿನಲ್ಲಿ ನಡೆಯತಕ್ಕ ಬಹಿರಂಗ ಕರ್ಮವಾಗಿದ್ದಿತು.

೩

ಶಾಸ್ತ್ರದ ವಿಧಿಯು ಆಚರಣೆಯಲ್ಲಿ ಯಾವ ರೂಪವನ್ನು ತಾಳಿತೆಂಬುದನ್ನು ಕನ್ನಡನಾಡಿನ ಶಾಸನಗಳಿಂದ ತಿಳಿಯಬಹುದಾಗಿದೆ. ಗಂಗರ ಮತ್ತು ಇತರ ಅರಸುಮನೆತನಗಳ ಎಷ್ಟೋ ತಾಮ್ರಪಟಗಳಲ್ಲಿ ವಂಶಾವಳಿಯೂ ಪ್ರಶಸ್ತಿಯೂ ಸಂಸ್ಕೃತದಲ್ಲಿರುವುವು. ಆದರೆ ದತ್ತಿಯ ಊರಿನ ಎಲ್ಲೆಯನ್ನು ಹೇಳುವಾಗ ಭಾಷೆಯು ಕನ್ನಡಕ್ಕೆ ತಿರುಗುತ್ತದೆ. ಅರಸನ ಕೀರ್ತಿಯನ್ನು ವಿದ್ವಾಂಸರು ಓದಿದರೆ ಸಾಕು. ಎಲ್ಲೆಯನ್ನಾದರೋ ಊರಿನವರು ಕೇಳಿ ತಿಳಿಯಬೇಕು. ಮೂಡಣ ದೆಸೆಯಿಂದ ಹೊರಟು, ತೆಂಕಣ, ಪಡುವಣ, ಬಡಗಣ ದಿಕ್ಕುಗಳನ್ನು ಪ್ರದಕ್ಷಿಣೆಯಾಗಿ ಸುತ್ತಿ, ಹುತ್ತ, ಮೊರಡಿ, ಅರೆ, ಹಳ್ಳ, ಕೆರೆಯ ಕೋಡಿ, ಆಲದ ಮರ, ಹುಣಿಸೆಯ ಮರ, ನೆಟ್ಟ ಕಲ್ಲು ಇವುಗಳನ್ನು ಒಂದೊಂದಾಗಿ ಹೆಸರಿಸುತ್ತ ಬರುವ ಈ ಭಾಗವನ್ನು ಶಬ್ದಗಳಿಂದ ಬರೆದ ನಕ್ಷೆಯೆನ್ನಬಹುದು. ಓದುವವನೊಡನೆ ನಡೆದರೆ ಓದು ಬಾರದವನಿಗೂ ಅದು ಅರ್ಥವಾಗುತ್ತಿತ್ತು.

ದತ್ತಿಯ ನೆಲದ ಮೂಲೆಗಳಲ್ಲಿ ಗುರುತಿನ ಕಲ್ಲುಗಳನ್ನು ನೆಡುವ ವಾಡಿಕೆಯಿದ್ದಿತು. ಶಿವಾಲಯಕ್ಕೆ ಬಿಟ್ಟ ಭೂಮಿಯಲ್ಲಿ ಲಿಂಗಮುದ್ರೆಯ ಕಲ್ಲು, ಬಸದಿಗೆ ಬಿಟ್ಟಲ್ಲಿ ಮುಕ್ಕೊಡೆಯ ಕಲ್ಲು, ಬ್ರಾಹ್ಮಣರಿಗೂ ವಿಷ್ಣ್ವಾಲಯಗಳಿಗೂ ಬಿಟ್ಟಲ್ಲಿ ವಾಮನಮುದ್ರೆಯ ಕಲ್ಲು. ಅಕ್ಷರವನ್ನರಿಯದವನೂ ಚಿತ್ರವನ್ನು ನೋಡಿ, ಇದು ಯಾರ ನೆಲ, ಇಲ್ಲಿಂದ ಮುಂದೆ ನೇಗಿಲನ್ನು ಹಾಯಿಸಕೂಡದು ಎಂದು ತಿಳಿಯುತ್ತಿದ್ದನು.

ಅಳತೆಯೂ ಇಲ್ಲದಿರಲಿಲ್ಲ. ಮತ್ತರು, ಕಮ್ಮ ಎಂಬ ವಿಸ್ತೀರ್ಣಮಾನಗಳೂ, ಬಿತ್ತುವ ಬೀಜದ ಲೆಕ್ಕದಿಂದ ಬಂದ ಖಂಡುಗ, ಕೊಳಗಗಳೂ ಶಾಸನಗಳಲ್ಲಿ ಮೇಲಿಂದಮೇಲೆ ಬರುತ್ತವೆ. ಅಳೆಯುವ ಕೋಲಿಗೆ ಗಳೆಯೆಂದು ಹೆಸರು. ಗಳೆಯು ಊರೂರಿಗೆ ಬೇರೆಯಾಗಿದ್ದುದರಿಂದ ಯಾವ ಗಳೆಯಿಂದ ಅಳೆದುದೆಂಬುದನ್ನು ಹೇಳುವುದು ಅವಶ್ಯವಾಗಿದ್ದಿತು. ಬಳ್ಳಿಗಾವೆಯ ಸೀಮೆಯಲ್ಲಿ ಕಾಣಬರುವ ಭೇರುಂಡ ಗಳೆಯ ಹೆಸರು, ಕ್ರಿ.ಶ. ೧೦೪೭ರಲ್ಲಿ ಚಾವುಂಡರಾಯನು ಅಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವನ್ನು ನೆನಪಿಗೆ ತರುತ್ತದೆ.

ಈ ಪದ್ಧತಿಯ ಗುಣವು ಬಹಿರಂಗತೆ. ಅದರ ದೋಷವು ಅನಿಶ್ಚಿತತೆ. ಮರವು ಬೀಳುವುದು, ಹುತ್ತವು ಕರಗುವುದು, ಹಳ್ಳವು ದಾರಿ ಬದಲಾಯಿಸುವುದು, ಹಿರಿಯರು ಕಾಲವಾಗುವರು. ಶಾಸನಗಳು ಬಹುಮಟ್ಟಿಗೆ ಗ್ರಾಮಸೀಮೆಯನ್ನೂ ದತ್ತಿಯ ಭೂಮಿಯನ್ನೂ ಕುರಿತವು. ಸಾಮಾನ್ಯ ಒಕ್ಕಲಿಗನ ಹೊಲದ ಎಲ್ಲೆಯನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟವರು ವಿರಳ. ಅವನಿಗೆ ಭುಕ್ತಿಯೂ ನೆರೆಯವರ ಸಾಕ್ಷ್ಯವೂ ಊರಿನ ಸೇನಬೋವನ ಕಡತವೂ ಆಧಾರವಾಗಿದ್ದುವು.

೪

ನಿಶ್ಚಿತತೆಯು ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಗೆ ನಿಯಮಿತನಾದನು. ಲ್ಯಾಂಬ್ಟನ್ನನು ೧೮೦೨ರಲ್ಲಿ ಮದರಾಸಿನಲ್ಲಿ ಆಧಾರರೇಖೆಯನ್ನಳೆದು ತ್ರಿಕೋಣಗಳ ಸಾಲನ್ನು ಪಶ್ಚಿಮ ಸಮುದ್ರದ ಕಡೆಗೆ ಕೊಂಡೊಯ್ದನು. ಇವು ಮಿತಾಕ್ಷರೆಯ ಪರಿಭಾಷೆಯಲ್ಲಿ ಜನಪದಸೀಮೆಯ ಕಾರ್ಯಗಳು. ಆಳುವವರ ಉಪಯೋಗಕ್ಕಾಗಿ ನಡೆದುವು. ರೈತನ ಹೊಲವನ್ನು ಮುಟ್ಟಿದುದು ಕಂದಾಯದ ಮೋಜಣಿ.

ಪುಣೆಯ ಜಿಲ್ಲೆಯ ಇಂದಾಪುರದಲ್ಲಿ ೧೮೩೫–೩೬ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಪದ್ಧತಿಯು ೧೮೪೦ರ ದಶಕದಲ್ಲಿ ಧಾರವಾಡ ಪ್ರಾಂತಕ್ಕೆ ಬಂದಿತು. ಮೈಸೂರಿನಲ್ಲಿ ಕಮಿಷನರ್ ಬೌರಿಂಗನ ಕಾಲದಲ್ಲಿ, ೧೮೬೩ರಲ್ಲಿ ಆರಂಭವಾಯಿತು. ಈ ಪದ್ಧತಿಯಲ್ಲಿ ೩೩ ಅಡಿಯ ಸರಪಳಿಯೇ ಗಳೆ. ಒಂದು ಸರಪಳಿಯುದ್ದ, ಒಂದು ಸರಪಳಿಯಗಲದ ನೆಲವು ಒಂದು ಗುಂಟೆ, ಅರ್ಥಾತ್ ೧,೦೮೯ ಚದರಡಿ. ೪೦ ಗುಂಟೆಗಳು ಒಂದು ಎಕರೆ. ಗುಂಟೆಯ ಹದಿನಾರನೆಯ ಒಂದು ಪಾಲು ಆಣೆ. ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರನ್ನು ಕೊಟ್ಟು, ಮೂಲೆಗಳಲ್ಲಿ ಬಾಂದುಕಲ್ಲುಗಳನ್ನು ನೆಟ್ಟು, ಅಳತೆಯನ್ನು ಟಿಪ್ಪಣಿಯಲ್ಲಿಯೂ, ವಿಸ್ತೀರ್ಣ, ಖರಾಬು, ಕಂದಾಯಗಳನ್ನು ಆಕಾರಬಂದಿನಲ್ಲಿಯೂ ಬರೆದರು. ಎಲ್ಲ ಹೊಲಗಳನ್ನು ಜೋಡಿಸಿದ ಗ್ರಾಮನಕ್ಷೆಯು ಸಾಮಾನ್ಯವಾಗಿ ಮೈಲಿಗೆ ೮ ಅಂಗುಲದ ಪ್ರಮಾಣದಲ್ಲಿ ಸಿದ್ಧವಾಯಿತು. ಅದರಲ್ಲಿ ಹಳ್ಳ, ಕೆರೆ, ಕಾಲುವೆ, ಬಂಡಿದಾರಿ, ಕಾಲುದಾರಿ, ಗ್ರಾಮಠಾಣ, ಮೂರು ಊರುಗಳ ಎಲ್ಲೆ ಕೂಡುವ ಕಲ್ಲು ಇವೆಲ್ಲಕ್ಕೂ ಬೇರೆಬೇರೆ ಗುರುತುಗಳಿವೆ. ಶಾಸನಗಳು ಮಾತಿನಿಂದ ಹೇಳುತ್ತಿದ್ದುದನ್ನು ಈ ಹಾಳೆಯು ಗೆರೆಯಿಂದ ಹೇಳಿತು. ಅದೂ ಪ್ರತಿಯೊಬ್ಬ ಒಕ್ಕಲಿಗನ ಹೊಲವನ್ನು ಕುರಿತು ಹೇಳಿತು. ಕ್ಷೇತ್ರಸೀಮೆಯು ಮೊದಲ ಬಾರಿಗೆ ನಾಡಿನ ಉದ್ದಗಲಕ್ಕೂ ಲಿಖಿತವಾದುದು ಈ ಮೋಜಣಿಯಿಂದ. ಇದರ ಉಪಕಾರವು ಅಲ್ಪವಾದುದಲ್ಲ.

ಆದರೆ ಗೆರೆಯು ನಿಶ್ಚಿತವಾದಂತೆ ಅರಿವು ದೂರವಾಯಿತು. ಟಿಪ್ಪಣಿ, ಆಕಾರಬಂದು, ಪಹಣಿ, ಪೋಡಿ, ಖರಾಬು, ಮೋಜಣಿ, ಹದ್ದುಬಸ್ತು ಎಂಬ ಶಬ್ದಗಳ ಸಾಲನ್ನೇ ನೋಡಬಹುದು; ಇವುಗಳಲ್ಲಿ ಹೆಚ್ಚಿನವು ಮರಾಠಿ, ಪಾರಸಿಗಳ ಮೂಲಕ ಕಚೇರಿಗೆ ಬಂದವು. ಶಾಸನದ ಎಲ್ಲೆಯು ಊರಿನ ಮಾತಿನಲ್ಲಿದ್ದಿತು; ಮೋಜಣಿಯ ಎಲ್ಲೆಯು ಕಚೇರಿಯ ಮಾತಿನಲ್ಲಿ ನಿಂತಿತು. ಕಾನೂನಿನಲ್ಲಿ ಬಾಗಿಲು ಮುಚ್ಚಿರಲಿಲ್ಲವೆಂಬುದು ನಿಜ. ೧೮೭೯ರ ಮುಂಬಯಿ ಭೂಕಂದಾಯ ಸಂಹಿತೆಯು ನಕ್ಷೆಗಳನ್ನೂ ಭೂದಾಖಲೆಗಳನ್ನೂ ಸಾರ್ವಜನಿಕರು ನೋಡಬಹುದೆಂದೂ, ಶುಲ್ಕವನ್ನು ಕೊಟ್ಟು ನಕಲನ್ನು ಪಡೆಯಬಹುದೆಂದೂ ವಿಧಿಸಿದ್ದಿತು. ಆದರೆ ತಾಲ್ಲೂಕಿನ ಕಚೇರಿಗೆ ಒಂದು ದಿನದ ದಾರಿಯನ್ನು ನಡೆದು, ಅರ್ಜಿಯನ್ನು ಬರೆಸಿ, ಮತ್ತೆಮತ್ತೆ ತಿರುಗಬೇಕಾದ ರೈತನಿಗೆ ಆ ಹಕ್ಕು ಕಾಗದದಲ್ಲಿಯೇ ಉಳಿಯಿತು. ಊರಿನಲ್ಲಿ ಲೆಕ್ಕವನ್ನು ಬಲ್ಲವನು ಶಾನುಭೋಗನೊಬ್ಬನೇ. ಸಮರ್ಥರೂ ಪ್ರಾಮಾಣಿಕರೂ ಆದ ಶಾನುಭೋಗರು ಎಷ್ಟೋ ಜನರಿದ್ದರು. ಆದರೂ ಒಬ್ಬನ ಕಡತವನ್ನು ಊರೆಲ್ಲ ನಂಬಿಕೊಂಡಿರಬೇಕಾದ ಸ್ಥಿತಿಯು ಒಳ್ಳೆಯ ಸ್ಥಿತಿಯಲ್ಲ.

೫

೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾದಾಗ ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಭೂದಾಖಲೆಗಳು ಒಟ್ಟಿಗೆ ಬಂದುವು. ದಕ್ಷಿಣ ಕನ್ನಡದಲ್ಲಿ ಎಕರೆಯನ್ನು ನೂರು ಸೆಂಟ್ಸುಗಳಾಗಿ ಎಣಿಸುವ ಮದರಾಸಿನ ವಾಡಿಕೆಯು ಇಂದಿಗೂ ಉಳಿದಿದೆ. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ಶಾನುಭೋಗಿಕೆಯ ವಂಶಪಾರಂಪರ್ಯವು ಕೊನೆಗೊಂಡು ಗ್ರಾಮಲೆಕ್ಕಿಗರು ಬಂದರು. ೧೯೬೪ರ ಭೂಕಂದಾಯ ಕಾಯಿದೆಯು ಎಲ್ಲ ಪ್ರಾಂತಗಳಿಗೂ ಒಂದೇ ವಿಧಿಯನ್ನು ಮಾಡಿತು. ಹಕ್ಕುದಾಖಲೆಯ ನಮೂದನ್ನು ತದ್ವಿರುದ್ಧವು ಸಿದ್ಧಪಡುವವರೆಗೆ ನಿಜವೆಂದು ಭಾವಿಸತಕ್ಕದ್ದೆಂಬುದು ಆ ಕಾಯಿದೆಯ ನಿಯಮ. ಲಿಖಿತಕ್ಕೆ ಬಲವುಂಟು, ಆದರೆ ಅದು ಪರಮಪ್ರಮಾಣವಲ್ಲವೆಂಬ ಪ್ರಾಚೀನ ಮತವೇ ಇಲ್ಲಿ ಬೇರೆ ಮಾತಿನಲ್ಲಿ ಬಂದಿದೆ.

ಈ ನಡುವೆ ನೆಲವು ಹಂಚಿಹೋಗುತ್ತಿದ್ದಿತು. ಅಣ್ಣತಮ್ಮಂದಿರು ಪಾಲಾದರು, ಕ್ರಯಗಳು ನಡೆದುವು. ಪಹಣಿಯಲ್ಲಿ ಹೆಸರುಗಳು ಏರಿದುವು. ಆದರೆ ಹೊಸ ಎಲ್ಲೆಯನ್ನು ಅಳೆದು ನಕ್ಷೆಯಲ್ಲಿ ಗೆರೆಯನ್ನೆಳೆಯುವ ಪೋಡಿಯ ಕೆಲಸವು ಹಿಂದೆ ಬಿದ್ದಿತು. ಒಂದು ಸರ್ವೆ ನಂಬರಿನಲ್ಲಿ ಹತ್ತು ಹೆಸರುಗಳಿದ್ದರೂ, ಯಾರ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬುದು ನಕ್ಷೆಯಲ್ಲಿ ಕಾಣದೆ ಹೋಯಿತು. ಹೆಸರು ಒಂದು ಕಡೆ, ಗೆರೆ ಒಂದು ಕಡೆಯಾದುದೇ ಅಸಂಖ್ಯಾತ ವ್ಯಾಜ್ಯಗಳಿಗೆ ಮೂಲವಾಯಿತು.

ನಕ್ಷೆಯು ಜನರಿಗೆ ಕಾಣದಿದ್ದುದರ ಫಲವನ್ನು ಬೆಂಗಳೂರು ನಗರವು ಬೇರೊಂದು ರೀತಿಯಲ್ಲಿ ಅನುಭವಿಸಿತು. ನಗರವು ನುಂಗಿದ ಹಳ್ಳಿಗಳ ಗ್ರಾಮನಕ್ಷೆಗಳಲ್ಲಿ ಕೆರೆಯಿಂದ ಕೆರೆಗೆ ನೀರನ್ನೊಯ್ಯುವ ರಾಜಕಾಲುವೆಗಳು ಸ್ಪಷ್ಟವಾಗಿ ಬರೆಯಲ್ಪಟ್ಟಿವೆ. ಆದರೆ ನಿವೇಶನವನ್ನು ಕೊಂಡವರು ನೋಡಿದುದು ಕ್ರಯಪತ್ರವನ್ನು ಮತ್ತು ಬಡಾವಣೆಯ ಚಿತ್ರವನ್ನು. ಗ್ರಾಮನಕ್ಷೆಯನ್ನು ನೋಡಿದವರು ಕಡಮೆ. ೨೦೧೬ರ ಆಗಸ್ಟಿನಲ್ಲಿ ಕಾಲುವೆಯ ಒತ್ತುವರಿಯನ್ನು ತೆರವು ಮಾಡುವಾಗ ಅದೇ ಹಳೆಯ ನಕ್ಷೆಗಳನ್ನು ಹಿಡಿದು ಮನೆಗಳ ಗೋಡೆಗಳಿಗೆ ಗುರುತು ಹಾಕಲಾಯಿತು. ಅನುಮತಿಯ ಪತ್ರಗಳನ್ನು ಹಿಡಿದು ನಿಂತವರ ಮನೆಗಳೂ ಉರುಳಿದುವು. ೨೦೨೨ರ ಮಳೆಗಾಲದಲ್ಲಿ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬಡಾವಣೆಗಳೊಳಗೆ ನುಗ್ಗಿತು. ಕೊಳ್ಳುವ ದಿನವೇ ಕಾಣಬೇಕಾಗಿದ್ದ ಗೆರೆಯು ಕೆಡಹುವ ದಿನ ಕಾಣಿಸಿಕೊಂಡಿತು. ಮತ್ಸ್ಯಿನೀ ಎಂಬ ಸೀಮೆಯನ್ನು ಮರೆತವರಿಗೆ ನೀರೇ ಸಾಕ್ಷ್ಯವನ್ನು ನುಡಿಯಿತು.

೬

ದಾಖಲೆಯನ್ನು ಕಚೇರಿಯ ಕಪಾಟಿನಿಂದ ಹೊರಕ್ಕೆ ತರುವ ಯತ್ನವು ೨೦೦೦ದ ಸುಮಾರಿನಲ್ಲಿ 'ಭೂಮಿ' ಎಂಬ ಯೋಜನೆಯಿಂದ ಮೊದಲಾಯಿತು. ಸುಮಾರು ೬೭ ಲಕ್ಷ ಭೂಮಾಲಿಕರಿಗೆ ಸಂಬಂಧಿಸಿದ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲ್ಲೂಕು ಕೇಂದ್ರಗಳಲ್ಲಿ ೧೫ ರೂಪಾಯಿಗೆ ಪ್ರತಿಯನ್ನು ಕೊಡುವ ಏರ್ಪಾಡಾಯಿತು. ಕೈಬರಹದ ಪಹಣಿಗೆ ಮಾನ್ಯತೆಯು ತಪ್ಪಿತು. ಇದರಿಂದ ಗ್ರಾಮಲೆಕ್ಕಿಗನ ಮರ್ಜಿಯನ್ನು ಕಾಯುವ ಕಷ್ಟವು ಬಹಳ ಮಟ್ಟಿಗೆ ಕಡಮೆಯಾಯಿತು. ನಗರದ ಸುತ್ತಿನಲ್ಲಿ ಭೂಮಿಯನ್ನು ಕೊಳ್ಳುವ ಬಲಿಷ್ಠರಿಗೆ ಈ ಬೆಳಕು ಬಡರೈತನಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿತೆಂದು ಆಕ್ಷೇಪಿಸಿದ ವಿಮರ್ಶಕರೂ ಉಂಟು. ಆ ಆಕ್ಷೇಪದಲ್ಲಿ ತಿರುಳಿದೆ. ಬಾಗಿಲು ತೆರೆದ ಮಾತ್ರಕ್ಕೆ ಎಲ್ಲರೂ ಸಮವಾಗಿ ಒಳಹೊಕ್ಕಂತಾಗುವುದಿಲ್ಲ.

ಮತ್ತೊಂದು ಕೊರತೆಯೂ ಇದ್ದಿತು. ಬಂದುದು ಅಕ್ಷರ, ಗೆರೆಯು ಬರಲಿಲ್ಲ. ಅದನ್ನು ತುಂಬಲು, ಸರ್ವೆ ನಂಬರಿನ ಒಂದು ಭಾಗವನ್ನು ಮಾರುವ ಮೊದಲು ಅಳತೆ ಮಾಡಿಸಿ ನಕ್ಷೆಯನ್ನು ಪಡೆಯಬೇಕೆಂಬ ನಿಯಮವು ಬಂದಿತು. ಇದಕ್ಕೆ ಜನರು ೧೧-ಇ ನಕ್ಷೆಯೆನ್ನುವರು. ಭೂಮಾಪನ ಇಲಾಖೆಯು ಗ್ರಾಮನಕ್ಷೆಗಳನ್ನು ಅಂತರಜಾಲದಲ್ಲಿ ಹಣವಿಲ್ಲದೆ ದೊರೆಯುವಂತೆ ಮಾಡಿತು. ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದವರು ಹಳೆಯ ಹಾಳೆಗಳನ್ನು ಉಪಗ್ರಹಚಿತ್ರದೊಡನೆ ಹೊಂದಿಸಿದರು. ಅದರ ಫಲವೇ 'ದಿಶಾಂಕ್' ಎಂಬ ಮೊಬೈಲ್ ಸಾಧನ. ಒಂದು ಜಾಗದಲ್ಲಿ ನಿಂತು ಅದನ್ನು ತೆರೆದರೆ ಸರ್ವೆ ನಂಬರೂ, ಸಮೀಪದ ಕೆರೆ ಕಾಲುವೆಗಳೂ ಕಾಣುವುವು. ನಿವೇಶನವನ್ನು ಕೊಳ್ಳುವವನು ಇಂದು ಹಣವನ್ನು ಕೊಡುವ ಮೊದಲೇ ಕಾಲುವೆಯ ಗೆರೆಯನ್ನು ನೋಡಿಕೊಳ್ಳಬಲ್ಲನು.

ಇದಕ್ಕೆ ಅನುಕೂಲವಾದ ಧೋರಣೆಯು ರಾಷ್ಟ್ರದಲ್ಲಿಯೂ ಕ್ರಮೇಣ ಬೆಳೆಯಿತು. ೧೭೬೭ರಲ್ಲಿ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣ ಇಲಾಖೆಯು ಬಹುಕಾಲ ನಕ್ಷೆಯನ್ನು ರಕ್ಷಣೆಯ ರಹಸ್ಯವೆಂದೇ ಭಾವಿಸಿದ್ದಿತು. ೨೦೦೫ರ ನಕ್ಷಾನೀತಿಯು ಸೈನ್ಯದ ಮಾಲೆಯನ್ನೂ ಸಾರ್ವಜನಿಕರ ಮಾಲೆಯನ್ನೂ ಬೇರ್ಪಡಿಸಿತು. ೨೦೨೧ರ ಫೆಬ್ರವರಿಯ ಮಾರ್ಗಸೂಚಿಗಳು ನಕ್ಷೆ ತಯಾರಿಸುವುದಕ್ಕಿದ್ದ ಪೂರ್ವಾನುಮತಿಯ ಕಟ್ಟನ್ನು ಭಾರತೀಯರಿಗೆ ಬಿಡಿಸಿದುವು.

ಆದರೂ ತೆರೆಯ ಮೇಲಿನ ಗೆರೆಯನ್ನೇ ಎಲ್ಲೆಯೆಂದು ನಂಬುವುದು ಅಪಾಯಕರ. ಮೂಲದ ಹಾಳೆಯು ಸರಪಳಿಯಿಂದ ಅಳೆದುದು. ಕಾಲಾಂತರದಲ್ಲಿ ಕುಗ್ಗಿದುದು, ಮಡಿಚಿ ಸವೆದುದು. ಅದನ್ನು ಹಿಗ್ಗಿಸಿ ಉಪಗ್ರಹಚಿತ್ರದ ಮೇಲೆ ಹಾಸಿದಾಗ ಕೆಲವು ಮಾರುಗಳ ವ್ಯತ್ಯಾಸವು ಬರುವುದು ಸಹಜ. ಅಂಥ ಗೆರೆಯು ದಾರಿಯನ್ನು ತೋರಬಲ್ಲುದು, ತೀರ್ಪನ್ನು ಕೊಡಲಾರದು. ತೀರ್ಪಿಗೆ ಟಿಪ್ಪಣಿಯನ್ನು ಹಿಡಿದು, ಬಾಂದುಕಲ್ಲನ್ನು ಹುಡುಕಿ, ನೆರೆಯವರಿಗೆ ನೋಟೀಸನ್ನು ಕೊಟ್ಟು ಮಾಡುವ ಹದ್ದುಬಸ್ತೇ ಆಗಬೇಕು.

೭

ಮಿತಾಕ್ಷರೆಯ ನಾಲ್ಕು ಸೀಮೆಗಳಲ್ಲಿ ಕೊನೆಯದಾದ ಗೃಹಸೀಮೆಯು ಈ ಎಲ್ಲ ಕಾಲಗಳಲ್ಲಿಯೂ ಅಲಿಖಿತವಾಗಿ ಉಳಿದಿದ್ದಿತು. ಹತ್ತೊಂಬತ್ತನೆಯ ಶತಮಾನದ ಮೋಜಣಿಯು ಕಂದಾಯಕ್ಕಾಗಿ ನಡೆದುದರಿಂದ, ಕಂದಾಯವಿಲ್ಲದ ಗ್ರಾಮಠಾಣದ ಸುತ್ತ ಒಂದು ಗೆರೆಯನ್ನೆಳೆದು ಒಳಗಣ ಮನೆಗಳನ್ನು ಸಾಮಾನ್ಯವಾಗಿ ಹಾಗೆಯೇ ಬಿಟ್ಟಿತು. ಹೊಲಕ್ಕೆ ನಕ್ಷೆಯುಂಟು, ಹುಟ್ಟಿದ ಮನೆಗೆ ನಕ್ಷೆಯಿಲ್ಲ ಎಂಬುದು ಹಳ್ಳಿಯವನ ಸ್ಥಿತಿಯಾಗಿದ್ದಿತು. ಇದನ್ನು ಸರಿಪಡಿಸುವ ಉದ್ದೇಶದಿಂದ 'ಸ್ವಾಮಿತ್ವ' ಯೋಜನೆಯು ೨೦೨೦ರ ಏಪ್ರಿಲ್ ೨೪ರಂದು ಆರಂಭವಾಯಿತು. ಮೊದಲ ಪ್ರಯೋಗಕ್ಕೆ ಆರಿಸಿದ ಆರು ರಾಜ್ಯಗಳಲ್ಲಿ ಕರ್ಣಾಟಕವೂ ಒಂದು; ೨೦೨೦ರ ಅಕ್ಟೋಬರ್ ೧೧ರಂದು ಆರು ರಾಜ್ಯಗಳ ೭೬೩ ಗ್ರಾಮಗಳವರಿಗೆ ಆಸ್ತಿಪತ್ರಗಳನ್ನು ಕೊಟ್ಟಾಗ ಕರ್ಣಾಟಕದ ಎರಡು ಗ್ರಾಮಗಳು ಅವುಗಳಲ್ಲಿ ಸೇರಿದ್ದುವು.

ಈ ಯೋಜನೆಯ ಕ್ರಮವು ಇತಿಹಾಸದ ವಿದ್ಯಾರ್ಥಿಗೆ ಬಹು ಸ್ವಾರಸ್ಯವಾದುದು. ಡ್ರೋನ್ ಎಂಬ ಯಂತ್ರವು ಮೇಲಿನಿಂದ ಚಿತ್ರವನ್ನು ತೆಗೆಯುವ ಮೊದಲು, ಪಂಚಾಯತಿಯವರೂ ಮನೆಯವರೂ ನೆರೆಯವರೂ ಕೂಡಿ ತಮ್ಮತಮ್ಮ ಎಲ್ಲೆಗಳುದ್ದಕ್ಕೂ ನಡೆದು ನೆಲದ ಮೇಲೆ ಸುಣ್ಣದ ಗೆರೆಯನ್ನು ಹಾಕಬೇಕು. ಆ ಬಿಳಿಯ ಗೆರೆಯೇ ಚಿತ್ರದಲ್ಲಿ ಮೂಡಿ ೧:೫೦೦ರ ಪ್ರಮಾಣದ ನಕ್ಷೆಯಾಗುತ್ತದೆ. ಅನಂತರ ಕರಡನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಕೇಳಿ, ಪತ್ರವನ್ನು ಕೊಡುತ್ತಾರೆ. ಕೆಂಪು ಬಟ್ಟೆಯೂ ತಲೆಯ ಮೇಲಣ ಮಣ್ಣೂ ಇಲ್ಲ. ಆದರೆ ಸಾಮಂತರು ಎಲ್ಲೆಯಲ್ಲಿ ನಡೆಯುವ ವಿಧಿಯು ಮರಳಿ ಬಂದಿದೆ. ಒಪ್ಪಿಗೆಯಾದ ಕಡೆ ಅದು ಭಯವರ್ಜಿತಾ ಸೀಮೆ. ಅಲ್ಲಿ ಯಂತ್ರದ ಕೆಲಸ ಲಿಖಿತ, ಜನರ ಕೆಲಸ ಸಾಕ್ಷ್ಯ.

ಮೇಲೆ ನಿರೂಪಿಸಿದ ವಿಷಯಗಳಿಂದ ಸಿದ್ಧವಾಗುವುದಿಷ್ಟು. ಪ್ರಾಚೀನರ ಸೀಮಾನಿರ್ಣಯದಲ್ಲಿ ಅಳತೆಯು ದುರ್ಬಲವಾಗಿದ್ದರೂ ಅರಿವು ಎಲ್ಲರದಾಗಿದ್ದಿತು. ಹತ್ತೊಂಬತ್ತನೆಯ ಶತಮಾನವು ಅಳತೆಯನ್ನು ಬಲಪಡಿಸಿ ಅರಿವನ್ನು ಕೆಲವರದನ್ನಾಗಿ ಮಾಡಿತು. ಈ ಕಾಲದವರಿಗೆ ಎರಡನ್ನೂ ಒಟ್ಟುಗೂಡಿಸುವ ಸಾಧನವು ದೊರೆತಿದೆ. ಅದು ಸಫಲವಾಗಬೇಕಾದರೆ ಮೂರು ಕಾರ್ಯಗಳು ಆಗಬೇಕು. ಪಹಣಿಯ ಹೆಸರಿಗೂ ನಕ್ಷೆಯ ಗೆರೆಗೂ ಇರುವ ಅಂತರವನ್ನು ಪೋಡಿಯಿಂದ ಮುಚ್ಚಬೇಕು. ಬಾಂದುಕಲ್ಲುಗಳನ್ನು ಮತ್ತೆ ನೆಡಿಸಿ ಕಾಪಾಡಬೇಕು. ಫೋನನ್ನು ಬಳಸಲರಿಯದವರೂ ಇರುವುದರಿಂದ ಪ್ರತಿಯೊಂದು ಗ್ರಾಮಪಂಚಾಯತಿಯ ಗೋಡೆಯ ಮೇಲೆ ಆ ಗ್ರಾಮದ ನಕ್ಷೆಯನ್ನು, ಹಳ್ಳ, ಕೆರೆ, ದಾರಿಗಳ ಊರಮಾತಿನ ಹೆಸರುಗಳೊಡನೆ, ಎಲ್ಲರೂ ಓದುವಂತೆ ದೊಡ್ಡದಾಗಿ ಬರೆಯಿಸಬೇಕು. ತಾಮ್ರಪಟವನ್ನು ಬರೆದವನು ಎಲ್ಲೆಯ ಭಾಗಕ್ಕೆ ಬಂದಾಗ ಸಂಸ್ಕೃತವನ್ನು ಬಿಟ್ಟು ಕನ್ನಡಕ್ಕೆ ತಿರುಗಿದನು. ಭೂಮಾಪನವನ್ನು ನಡೆಸುವವರು ಆ ವಿವೇಕವನ್ನು ಇಂದಿಗೂ ಅನುಸರಿಸತಕ್ಕದ್ದಾಗಿದೆ.